ಬರೆಯದೇ ಬಿಟ್ಟ ಜಾಗದಲ್ಲಿ ಯಾರ ತೀರ್ಮಾನ?

ಜಾವಾ ಪ್ರೋಗ್ರಾಂಗಳಲ್ಲಿ '@' ಚಿಹ್ನೆಯಿಂದ ಶುರುವಾಗುವ ಪುಟ್ಟ ಗುರುತುಗಳು ಸದ್ದಿಲ್ಲದೆ ದೊಡ್ಡ ಕೆಲಸ ಮಾಡುತ್ತವೆ. ಅವುಗಳ ಡಿಫಾಲ್ಟ್ ಮೌಲ್ಯಗಳನ್ನು ಅರಿಯದೆ ಬಳಸಿದರೆ ತಿರಸ್ಕೃತ ಅರ್ಜಿ ಮಂಜೂರಾಗಿ ಕಾಣಬಹುದು, ಒಂದು ಖಾತೆಯಿಂದ ಕಡಿತವಾದ ಹಣ ಇನ್ನೊಂದನ್ನು ತಲುಪದೇ ಹೋಗಬಹುದು.

ಜೆಯುನಿಟ್ ಎಂಬುದು ಜಾವಾ ಪ್ರೋಗ್ರಾಂಗಳನ್ನು ಪರೀಕ್ಷಿಸಲು ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ರೂಪಿಸಿದ ಸಲಕರಣೆ. ಅದರ ಮೂರನೇ ಆವೃತ್ತಿಯವರೆಗೆ ಒಂದು ಕಟ್ಟಳೆಯಿತ್ತು: ಪರೀಕ್ಷೆ ಮಾಡುವ ಮೆಥಡ್‌ನ ಹೆಸರು 'ಟೆಸ್ಟ್' ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿಂದಲೇ ಆರಂಭವಾಗಬೇಕು. ಬೆರಳು ತಪ್ಪಿ ಎರಡು ಅಕ್ಷರ ಅದಲುಬದಲಾದರೆ ಜೆಯುನಿಟ್ ಆ ಮೆಥಡನ್ನು ಪರೀಕ್ಷೆಯೆಂದು ಎಣಿಸುತ್ತಲೇ ಇರಲಿಲ್ಲ. ದೂರಿಲ್ಲ, ಎಚ್ಚರಿಕೆಯಿಲ್ಲ. ಉಳಿದವೆಲ್ಲ ಪಾಸಾಗಿ ಪರದೆಯ ಮೇಲೆ ಹಸಿರು ಪಟ್ಟಿ ಮೂಡುತ್ತಿತ್ತು. ಬರೆದವರು ಪರೀಕ್ಷೆ ನಡೆದಿದೆ ಎಂದು ನೆಮ್ಮದಿಯಾಗಿರುತ್ತಿದ್ದರು.

ತಪ್ಪು ಟೈಪ್ ಮಾಡಿದವರದ್ದು ನಿಜ. ಆದರೆ ಅದಕ್ಕಿಂತ ದೊಡ್ಡ ತಪ್ಪು ವ್ಯವಸ್ಥೆಯಲ್ಲಿತ್ತು. 'ಇದು ಪರೀಕ್ಷೆ' ಎಂಬ ಮಾಹಿತಿಯನ್ನು ಹೆಸರಿನ ಮೇಲೆ ಹೊರಿಸಿದಾಗ ಕಂಪೈಲರ್‌ಗೆ ಅದನ್ನು ಪರಿಶೀಲಿಸುವ ದಾರಿಯೇ ಇರುವುದಿಲ್ಲ. ಅದರ ಕಣ್ಣಿಗೆ ಎಲ್ಲ ಹೆಸರೂ ಒಂದೇ. ಮೇಲಾಗಿ ಹೆಸರಿನೊಳಗೆ ಹೆಚ್ಚಿನ ವಿವರ ತುಂಬಲು ಜಾಗವೂ ಇಲ್ಲ. 'ಈ ಪರೀಕ್ಷೆ ಎರಡು ಸೆಕೆಂಡಿನೊಳಗೆ ಮುಗಿಯಬೇಕು', 'ಈ ಮೆಥಡ್ ಇಂಥದೇ ದೋಷವನ್ನು ಎಸೆಯಬೇಕು' ಎಂದೆಲ್ಲ ಹೇಳುವುದು ಹೇಗೆ? ಆ ಕಾಲದಲ್ಲಿ ಇಂಥ ವಿವರಗಳನ್ನು ಬೇರೆಯೇ ಎಕ್ಸ್‌ಎಂಎಲ್ ಕಡತಗಳಲ್ಲಿ ಬರೆಯುತ್ತಿದ್ದರು, ಇಲ್ಲವೇ ಎಕ್ಸ್‌ಡಾಕ್ಲೆಟ್‌ನಂಥ ಸಲಕರಣೆ ಬಳಸಿ ಟಿಪ್ಪಣಿಗಳೊಳಗೆ ಹುದುಗಿಸುತ್ತಿದ್ದರು. ಕೋಡ್ ಒಂದು ಕಡೆ, ಅದರ ಬಗೆಗಿನ ಮಾತು ಇನ್ನೊಂದು ಕಡೆ ಉಳಿಯುತ್ತಿತ್ತು. ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಎರಡರ ನಡುವೆ ಹೊಂದಿಕೆ ತಪ್ಪುತ್ತಿತ್ತು.

2004ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ಜಾವಾ 5ನೇ ಆವೃತ್ತಿ ಇದಕ್ಕೊಂದು ಪರಿಹಾರ ತಂದಿತು. ಜೋಶುವಾ ಬ್ಲಾಕ್ ಅವರ ಮುಂದಾಳತ್ವದಲ್ಲಿ, ಜೆಎಸ್‌ಆರ್ 175 ಎಂಬ ಪ್ರಸ್ತಾವದಡಿ ರೂಪುಗೊಂಡ ಆ ಸೌಲಭ್ಯವೇ ಅನೊಟೇಷನ್. ಕ್ಲಾಸ್, ಮೆಥಡ್, ಫೀಲ್ಡ್ ಯಾವುದರ ತಲೆಯ ಮೇಲಾದರೂ '@' ಚಿಹ್ನೆಯೊಂದಿಗೆ ಅಂಟಿಸಬಹುದಾದ, ಕಂಪೈಲರ್ ಪರಿಶೀಲಿಸಬಲ್ಲ ಗುರುತು ಅದು. 2006ರಲ್ಲಿ ಬಂದ ಜೆಯುನಿಟ್ 4 ಹೆಸರಿನ ಕಟ್ಟಳೆಯನ್ನು ಕೈಬಿಟ್ಟು @ಟೆಸ್ಟ್ ಎಂಬ ಅನೊಟೇಷನ್ ಹಿಡಿಯಿತು. ಈಗ ಅಕ್ಷರ ತಪ್ಪಿದರೆ ಕಂಪೈಲರ್ ಅಲ್ಲೇ ತಡೆಯುತ್ತದೆ.

ಅನೊಟೇಷನ್‌ನ ಈ ಭಾಗ ಬಹುತೇಕ ಎಲ್ಲ ಜಾವಾ ಪ್ರೋಗ್ರಾಮರ್‌ಗಳಿಗೂ ಗೊತ್ತು. ಅದರೊಳಗೆ ಅಡಗಿರುವ ಇನ್ನೊಂದು ಸಂಗತಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂಬುದು ನನ್ನ ಕಾಳಜಿ. ಅದು ಡಿಫಾಲ್ಟ್ ಮೌಲ್ಯ. ಅನೊಟೇಷನ್ ಬಳಸುವವರು ಏನನ್ನೂ ಬರೆಯದೇ ಬಿಟ್ಟ ಜಾಗದಲ್ಲಿ ತಾನಾಗಿ ಬಂದು ಕೂರುವ ಬೆಲೆ.

ಒಂದು ಅನೊಟೇಷನ್ ಕಟ್ಟೋಣ

ಜಾವಾ ಮೊದಲಿನಿಂದಲೂ ಯುನಿಕೋಡ್ ಆಧಾರಿತ ಭಾಷೆ. ಹಾಗಾಗಿ ಅದರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು, ಕಂಪೈಲರ್ ಒಪ್ಪುತ್ತದೆ. @ಮರುಯತ್ನ ಎಂಬ ಅನೊಟೇಷನ್ ಕಟ್ಟೋಣ. ವಿದ್ಯುತ್ ಬಿಲ್ ಪಾವತಿಯಂಥ ಸೇವೆಯಲ್ಲಿ ಆಚೆ ಬದಿಯ ಸರ್ವರ್ ಸ್ಪಂದಿಸದಿದ್ದರೆ ಅದೇ ಕೆಲಸವನ್ನು ಇನ್ನೊಮ್ಮೆ ಪ್ರಯತ್ನಿಸು ಎಂದು ಸೂಚಿಸುವುದು ಅದರ ಉದ್ದೇಶ.

ಅನೊಟೇಷನ್‌ನ ವ್ಯಾಖ್ಯೆ ನೋಡಲು ಇಂಟರ್‌ಫೇಸ್‌ನಂತೆಯೇ ಇರುತ್ತದೆ. 'ಇಂಟರ್‌ಫೇಸ್' ಎಂಬ ಕೀಲಿಪದದ ಹಿಂದೆ '@' ಸೇರುತ್ತದೆ, ಅಷ್ಟೆ. ಒಳಗಿನ ಪ್ರತಿಯೊಂದು ಅಂಶವನ್ನೂ ಮೆಥಡ್‌ನ ರೂಪದಲ್ಲಿ ಘೋಷಿಸಬೇಕು. ನಮ್ಮ ಅನೊಟೇಷನ್‌ನಲ್ಲಿ ಎರಡು ಅಂಶಗಳಿರಲಿ: 'ಸಲ' ಎಂಬ ಪೂರ್ಣಾಂಕ, 'ಅಂತರ' ಎಂಬ ಮಿಲಿಸೆಕೆಂಡ್ ಲೆಕ್ಕ. ಘೋಷಣೆಯ ಕೊನೆಗೆ 'ಡಿಫಾಲ್ಟ್' ಎಂಬ ಕೀಲಿಪದ ಬರೆದು ಮೊದಲನೆಯದಕ್ಕೆ 3, ಎರಡನೆಯದಕ್ಕೆ 1000 ಎಂದು ಕೊಟ್ಟೆವು ಎಂದುಕೊಳ್ಳಿ.

ಬಳಸುವವರಿಗೆ ಈಗ ಹಲವು ದಾರಿ. @ಮರುಯತ್ನ(ಸಲ = 5, ಅಂತರ = 2000) ಎಂದು ಪೂರ್ತಿ ಬರೆಯಬಹುದು. @ಮರುಯತ್ನ(ಸಲ = 5) ಎಂದರೆ ಅಂತರ 1000 ಆಗುತ್ತದೆ. ಬರೀ @ಮರುಯತ್ನ ಎಂದರೆ ಎರಡೂ ಡಿಫಾಲ್ಟ್. ಯಾವುದಾದರೂ ಅಂಶಕ್ಕೆ ಡಿಫಾಲ್ಟ್ ಕೊಡದಿದ್ದರೆ ಅದನ್ನು ಬರೆಯಲೇಬೇಕು. ಬರೆಯದಿದ್ದರೆ ಕಂಪೈಲರ್ ಮುಂದೆ ಬಿಡುವುದಿಲ್ಲ. ಅಂಶವೊಂದಕ್ಕೆ 'ವ್ಯಾಲ್ಯೂ' ಎಂಬ ನಿಗದಿತ ಇಂಗ್ಲಿಷ್ ಹೆಸರಿಟ್ಟಿದ್ದು, ಬಳಸುವಾಗ ಅದೊಂದನ್ನೇ ಕೊಡುವುದಾದರೆ, ಹೆಸರನ್ನೂ ಸಮಚಿಹ್ನೆಯನ್ನೂ ಬಿಟ್ಟು ಆವರಣದಲ್ಲಿ ನೇರವಾಗಿ ಬೆಲೆ ಬರೆದರೆ ಸಾಕು.

ಕೊಡಬಹುದಾದ ಮೌಲ್ಯಗಳಿಗೆ ಬಿಗಿಯಾದ ಬೇಲಿಯಿದೆ. ಸಂಖ್ಯೆ, ಬೂಲಿಯನ್‌ನಂಥ ಮೂಲ ಪ್ರಕಾರಗಳು, ಸ್ಟ್ರಿಂಗ್, ಕ್ಲಾಸ್, ಈನಮ್, ಇನ್ನೊಂದು ಅನೊಟೇಷನ್ ಹಾಗೂ ಇವುಗಳ ಒಂದು ಆಯಾಮದ ಅರೇ, ಇಷ್ಟೇ. ದಿನಾಂಕದ ಆಬ್ಜೆಕ್ಟ್ ಕೊಡುವಂತಿಲ್ಲ, ಲಿಸ್ಟ್ ಕೊಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ 'ನಲ್' ಕೊಡುವಂತಿಲ್ಲ. ಡಿಫಾಲ್ಟ್ ಆಗಿಯೂ ಇಲ್ಲ, ಬಳಸುವಾಗಲೂ ಇಲ್ಲ. ಕಾರಣ ಸ್ಪಷ್ಟ. ಅನೊಟೇಷನ್ ಪ್ರೋಗ್ರಾಂ ಓಡುವಾಗ ಲೆಕ್ಕ ಹಾಕಿ ಪಡೆಯುವ ವಸ್ತುವಲ್ಲ. ಕಂಪೈಲ್ ಆಗುವ ಹೊತ್ತಿಗೇ ಅದರ ಬೆಲೆ ಖಚಿತವಾಗಿ ಗೊತ್ತಿದ್ದು, ಕ್ಲಾಸ್ ಕಡತದೊಳಗೆ ಬರೆದಿಡುವಂತಿರಬೇಕು. 'ನಲ್' ಇಲ್ಲದಿರುವುದು ಸಣ್ಣ ನಿಯಮದಂತೆ ಕಂಡರೂ ಅದರ ಪರಿಣಾಮ ದೊಡ್ಡದು.

ಡಿಫಾಲ್ಟ್ ವಾಸಿಸುವುದು ಎಲ್ಲಿ?

ಪಾವತಿ ಕ್ಲಾಸ್‌ನಲ್ಲಿ ಬರೀ @ಮರುಯತ್ನ ಎಂದು ಬರೆದು ಕಂಪೈಲ್ ಮಾಡಿದೆವು. ಹಾಗಾದರೆ 3 ಮತ್ತು 1000 ಎಂಬ ಬೆಲೆಗಳು ಪಾವತಿ ಕ್ಲಾಸ್‌ನ ಕಡತದೊಳಗೆ ಸೇರಿಕೊಂಡವೇ? ಬಹಳ ಜನ ಹೌದು ಎಂದುಕೊಳ್ಳುತ್ತಾರೆ. ಸೇರಿಕೊಳ್ಳುವುದಿಲ್ಲ. ಬಳಸುವವರು ಕೈಯಾರೆ ಬರೆದ ಬೆಲೆಗಳು ಮಾತ್ರ ಅವರ ಕಡತದಲ್ಲಿ ದಾಖಲಾಗುತ್ತವೆ. ಡಿಫಾಲ್ಟ್‌ಗಳು ಅನೊಟೇಷನ್‌ನ ಸ್ವಂತ ಕ್ಲಾಸ್ ಕಡತದಲ್ಲಿ, 'ಅನೊಟೇಷನ್ ಡಿಫಾಲ್ಟ್' ಎಂಬ ಪ್ರತ್ಯೇಕ ವಿಭಾಗದಲ್ಲಿ ಉಳಿಯುತ್ತವೆ.

ಇವೆರಡೂ ಜೊತೆಗೂಡುವುದು ಪ್ರೋಗ್ರಾಂ ಓಡುವಾಗ. ಓಡುತ್ತಿರುವ ಪ್ರೋಗ್ರಾಂ ತನ್ನದೇ ರಚನೆಯನ್ನು ಓದಿಕೊಳ್ಳುವ ರಿಫ್ಲೆಕ್ಷನ್ ಎಂಬ ಸೌಲಭ್ಯದ ಮೂಲಕ ಯಾರಾದರೂ 'ಈ ಮೆಥಡ್ ಮೇಲಿರುವ ಅನೊಟೇಷನ್ ಕೊಡು' ಎಂದು ಕೇಳಿದಾಗ ಜಾವಾದ ಲೈಬ್ರರಿ ಮೊದಲು ಅನೊಟೇಷನ್‌ನ ಡಿಫಾಲ್ಟ್‌ಗಳ ಪಟ್ಟಿಯನ್ನು ತೆಗೆದುಕೊಳ್ಳುತ್ತದೆ. ಬಳಸಿದವರು ಬರೆದ ಬೆಲೆಗಳನ್ನು ಆಮೇಲೆ ಅದರ ಮೇಲೆ ಹೊದಿಸುತ್ತದೆ. ಕೊನೆಗೆ ಸಿಕ್ಕ ಪಟ್ಟಿಯನ್ನು ಒಂದು ಪ್ರಾಕ್ಸಿ ಆಬ್ಜೆಕ್ಟ್‌ನೊಳಗೆ ಇಟ್ಟು ಕೈಗೆ ಕೊಡುತ್ತದೆ. ನಾವು 'ಸಲ' ಎಂಬ ಮೆಥಡ್ ಕರೆದಾಗ ಉತ್ತರಿಸುವುದು ಆ ಪ್ರಾಕ್ಸಿ. ಡಿಫಾಲ್ಟ್ ಯಾವುದು ಎಂದು ಮಾತ್ರ ತಿಳಿಯಬೇಕೆಂದರೆ ರಿಫ್ಲೆಕ್ಷನ್‌ನಲ್ಲಿ 'ಗೆಟ್ ಡಿಫಾಲ್ಟ್ ವ್ಯಾಲ್ಯೂ' ಎಂಬ ಮೆಥಡ್ ಇದೆ.

ನಮ್ಮ ಹೋಟೆಲುಗಳಲ್ಲಿ 'ಒಂದು ಕಾಫಿ' ಎಂದರೆ ಸಕ್ಕರೆ ಹಾಕಿಯೇ ಕೊಡುತ್ತಾರೆ. ಬೇಡವಾದವರು ಬಾಯಿಬಿಟ್ಟು ಹೇಳಬೇಕು. ಎಷ್ಟು ಸಕ್ಕರೆ ಎಂಬ ಲೆಕ್ಕ ಗಿರಾಕಿಯ ಬಾಯಲ್ಲಿ ಇರುವುದಿಲ್ಲ, ಅಡುಗೆಮನೆಯಲ್ಲಿರುತ್ತದೆ. ನಾಳೆ ಮಾಲೀಕರು ಎರಡು ಚಮಚದ ಬದಲು ಒಂದೇ ಸಾಕು ಎಂದು ತೀರ್ಮಾನಿಸಿದರೆ, ನಿತ್ಯ 'ಒಂದು ಕಾಫಿ' ಎನ್ನುವ ಎಲ್ಲರ ಲೋಟದ ರುಚಿಯೂ ಅವರು ಒಂದಕ್ಷರ ಬದಲಿಸದೆಯೇ ಬದಲಾಗುತ್ತದೆ. ಅನೊಟೇಷನ್‌ನ ಡಿಫಾಲ್ಟ್ ನಡೆದುಕೊಳ್ಳುವುದು ಹೀಗೆಯೇ. ನಾವು 3ನ್ನು 10 ಮಾಡಿ ಅನೊಟೇಷನ್ ಒಂದನ್ನೇ ಮರುಕಂಪೈಲ್ ಮಾಡಿದರೂ, ಎರಡು ವರ್ಷದ ಹಿಂದೆ ಕಂಪೈಲ್ ಆಗಿ ಕುಳಿತಿರುವ ಪಾವತಿ ಕ್ಲಾಸ್ ಇನ್ನು ಹತ್ತು ಸಲ ಪ್ರಯತ್ನಿಸುತ್ತದೆ. ಜಾವಾ ಭಾಷೆಯ ಅಧಿಕೃತ ನಿಯಮಾವಳಿ ಇದನ್ನು ಸ್ಪಷ್ಟವಾಗಿಯೇ ಹೇಳಿದೆ.

ಇದು ಎಲ್ಲ ಕಡೆ ಹೀಗಿಲ್ಲ ಎಂಬುದು ಗೊಂದಲಕ್ಕೆ ಮೂಲ. ಜಾವಾದಲ್ಲೇ 'ಸ್ಟಾಟಿಕ್ ಫೈನಲ್' ಎಂದು ಘೋಷಿಸಿದ ಸ್ಥಿರ ಸಂಖ್ಯೆಯನ್ನು ಬೇರೆ ಕ್ಲಾಸ್‌ನಲ್ಲಿ ಬಳಸಿದರೆ, ಆ ಸಂಖ್ಯೆ ಬಳಸಿದ ಕಡೆಗೆ ನಕಲಾಗುತ್ತದೆ. ಮೂಲದಲ್ಲಿ ಬದಲಿಸಿದರೂ ಬಳಸಿದ ಕ್ಲಾಸನ್ನು ಮತ್ತೆ ಕಂಪೈಲ್ ಮಾಡುವವರೆಗೆ ಹಳೆಯ ಬೆಲೆಯೇ ಓಡುತ್ತಿರುತ್ತದೆ. ಸಿ-ಶಾರ್ಪ್ ಭಾಷೆಗೆ 2010ರಲ್ಲಿ ಬಂದ ಐಚ್ಛಿಕ ಆರ್ಗ್ಯುಮೆಂಟ್‌ಗಳೂ ಹಾಗೆಯೇ: ಡಿಫಾಲ್ಟ್ ಬೆಲೆ ಕರೆಯುವ ಕಡೆ ಅಚ್ಚಾಗುತ್ತದೆ. ಅಲ್ಲಿ ಸುಮ್ಮನಿದ್ದವರ ಪಾಲಿಗೆ ಕಂಪೈಲ್ ಆದ ದಿನದ ತೀರ್ಮಾನ ಗಟ್ಟಿಯಾಗಿ ಉಳಿಯುತ್ತದೆ. ಜಾವಾ ಅನೊಟೇಷನ್‌ನಲ್ಲಿ ಸುಮ್ಮನಿದ್ದವರು ಅನೊಟೇಷನ್ ಬರೆದವರ ಇಂದಿನ ತೀರ್ಮಾನವನ್ನು ಹಿಂಬಾಲಿಸುತ್ತಾರೆ. ಲೈಬ್ರರಿಯ ಆವೃತ್ತಿ ಏರಿಸಿದ ಮಾತ್ರಕ್ಕೆ, ಒಂದು ಸಾಲೂ ತಿದ್ದದ ಕೋಡ್‌ನ ನಡವಳಿಕೆ ಬದಲಾಗಬಹುದು. ಅನೊಟೇಷನ್ ಬರೆಯುವವರ ಹೊಣೆ ಇಲ್ಲಿ ಬೇರೆಡೆಗಿಂತ ಹೆಚ್ಚು.

ಹಳೆಯ ಕೋಡ್ ಮುರಿಯದೆ ಬೆಳೆಯುವ ದಾರಿ

ಈ ವ್ಯವಸ್ಥೆಯ ಒಳ್ಳೆಯ ಫಲವೂ ದೊಡ್ಡದೇ. ವರ್ಷಗಳ ನಂತರ @ಮರುಯತ್ನಕ್ಕೆ 'ಗರಿಷ್ಠಅವಧಿ' ಎಂಬ ಹೊಸ ಅಂಶ ಸೇರಿಸಬೇಕಾಯಿತು ಎಂದುಕೊಳ್ಳಿ. ಡಿಫಾಲ್ಟ್ ಸಹಿತ ಸೇರಿಸಿದರೆ ಹಳೆಯ ಬಳಕೆಗಳೆಲ್ಲ ಯಾವ ತೊಂದರೆಯೂ ಇಲ್ಲದೆ ಮುಂದುವರಿಯುತ್ತವೆ. ಡಿಫಾಲ್ಟ್ ಇಲ್ಲದೆ ಸೇರಿಸಿದರೆ ಎರಡು ಬಗೆಯ ಪೆಟ್ಟು ಬೀಳುತ್ತದೆ. ಮರುಕಂಪೈಲ್ ಮಾಡಿದವರಿಗೆ ಕೂಡಲೇ ದೋಷ ಕಾಣಿಸುತ್ತದೆ. ಮರುಕಂಪೈಲ್ ಮಾಡದ ಹಳೆಯ ಕ್ಲಾಸ್‌ಗಳು ಏನೂ ಆಗಿಲ್ಲವೆಂಬಂತೆ ಲೋಡ್ ಆಗುತ್ತವೆ. ಯಾರಾದರೂ ಆ ಹೊಸ ಅಂಶವನ್ನು ಓದಲು ಹೋದ ಗಳಿಗೆಯಲ್ಲಿ 'ಇನ್‌ಕಂಪ್ಲೀಟ್ ಅನೊಟೇಷನ್ ಎಕ್ಸೆಪ್ಶನ್' ಎಂಬ ದೋಷ ಸಿಡಿಯುತ್ತದೆ. ಜಾವಾ ವಿನ್ಯಾಸಕಾರರು ಈ ಸನ್ನಿವೇಶಕ್ಕೆಂದೇ ಆ ದೋಷವನ್ನು ಇಟ್ಟಿದ್ದಾರೆ.

ಡಿಫಾಲ್ಟ್ ನೆರವಿನಿಂದ ನಯವಾಗಿ ಬೆಳೆದುದಕ್ಕೆ ಜಾವಾದೊಳಗಿನ @ಡೆಪ್ರಿಕೇಟೆಡ್ ಒಳ್ಳೆಯ ನಿದರ್ಶನ. 'ಇದನ್ನು ಇನ್ನು ಬಳಸಬೇಡಿ' ಎಂದು ಸೂಚಿಸುವ ಈ ಅನೊಟೇಷನ್ ಜಾವಾ 5ರಲ್ಲಿ ಬಂದಾಗ ಅದಕ್ಕೆ ಒಳಗಿನ ಅಂಶಗಳೇ ಇರಲಿಲ್ಲ. 2017ರ ಜಾವಾ 9ರಲ್ಲಿ ಎರಡನ್ನು ಸೇರಿಸಿದರು. ಯಾವ ಆವೃತ್ತಿಯಿಂದ ಬಳಸಬಾರದು ಎಂದು ಹೇಳುವ 'ಸಿನ್ಸ್' ಒಂದು. ಅದರ ಡಿಫಾಲ್ಟ್ ಖಾಲಿ ಸ್ಟ್ರಿಂಗ್. ಮುಂದೆ ಪೂರ್ತಿ ತೆಗೆದುಹಾಕುವ ಉದ್ದೇಶವಿದೆಯೇ ಎಂದು ಹೇಳುವ 'ಫಾರ್ ರಿಮೂವಲ್' ಇನ್ನೊಂದು. ಅದರ ಡಿಫಾಲ್ಟ್ 'ಫಾಲ್ಸ್'. ಹದಿಮೂರು ವರ್ಷಗಳಿಂದ ಲೋಕದೆಲ್ಲೆಡೆ ಬರೆದಿಟ್ಟಿದ್ದ ಬಳಕೆಗಳಲ್ಲಿ ಒಂದೂ ಇದರಿಂದ ಮುರಿಯಲಿಲ್ಲ. ಆರಿಸಿದ ಬೆಲೆಗಳನ್ನು ಗಮನಿಸಿ. ಹಳೆಯ ಬಳಕೆದಾರರು ಎಂದೂ ಹೇಳಿರದ ಮಾತನ್ನು ಅವರ ಬಾಯಲ್ಲಿ ಹಾಕಿಲ್ಲ. 'ಫಾರ್ ರಿಮೂವಲ್' ಡಿಫಾಲ್ಟ್ 'ಟ್ರೂ' ಆಗಿದ್ದರೆ, ಬಳಸಬೇಡಿ ಎಂದಷ್ಟೇ ಹೇಳಿದ್ದವರೆಲ್ಲ ತೆಗೆದುಹಾಕುತ್ತೇವೆ ಎಂದು ಘೋಷಿಸಿದಂತಾಗುತ್ತಿತ್ತು.

ಹೇಳಿದ್ದೋ, ಹೇಳದೇ ಬಿಟ್ಟದ್ದೋ?

'ನಲ್' ಇಲ್ಲ ಎಂಬ ನಿಯಮದ ಪರಿಣಾಮಕ್ಕೆ ಈಗ ಬರೋಣ. ಒಬ್ಬರು @ಮರುಯತ್ನ(ಸಲ = 3) ಎಂದು ಬರೆದಿದ್ದಾರೆ; ಇನ್ನೊಬ್ಬರು ಬರೀ @ಮರುಯತ್ನ ಎಂದಿದ್ದಾರೆ. ರಿಫ್ಲೆಕ್ಷನ್ ಮೂಲಕ ಓದಿದರೆ ಇವೆರಡರ ನಡುವೆ ವ್ಯತ್ಯಾಸವೇ ಸಿಗದು. ಎರಡನ್ನೂ ಹೋಲಿಸಿದರೆ ಸಮ ಎಂದೇ ಉತ್ತರ. ಡಿಫಾಲ್ಟ್‌ಗಳ ಪಟ್ಟಿಯ ಮೇಲೆ ಬರೆದ ಬೆಲೆಗಳನ್ನು ಹೊದಿಸಿ ಒಂದು ಮಾಡಿದ ಮೇಲೆ ಯಾವುದು ಎಲ್ಲಿಂದ ಬಂತು ಎಂಬ ಗುರುತು ಉಳಿಯುವುದಿಲ್ಲ. ಯೋಚಿಸಿ ಆರಿಸಿದ 3ಕ್ಕೂ ಗಮನಿಸದೇ ಬಿಟ್ಟ 3ಕ್ಕೂ ಯಂತ್ರದ ಕಣ್ಣಲ್ಲಿ ಒಂದೇ ಬೆಲೆ.

ಆದರೆ ಅನೇಕ ಕಡೆ ಆ ವ್ಯತ್ಯಾಸ ಬೇಕಾಗುತ್ತದೆ. 'ಬಳಕೆದಾರರು ಏನನ್ನೂ ಕೊಟ್ಟಿಲ್ಲ' ಎಂಬುದನ್ನು ತಿಳಿಸಲು 'ನಲ್' ಇಲ್ಲವಾದ್ದರಿಂದ ಲೈಬ್ರರಿ ಬರೆಯುವವರು ಸಂಕೇತ ಬೆಲೆಗಳನ್ನು ಹುಡುಕಿಕೊಂಡಿದ್ದಾರೆ. ಜೆಯುನಿಟ್ 4ರ @ಟೆಸ್ಟ್‌ನಲ್ಲಿ ಯಾವ ದೋಷವನ್ನು ನಿರೀಕ್ಷಿಸಬೇಕು ಎಂದು ಹೇಳುವ ಅಂಶವಿತ್ತು. ಅದರ ಡಿಫಾಲ್ಟ್ 'ನನ್' ಎಂಬ ಕ್ಲಾಸ್. ಯಾವ ದೋಷವನ್ನೂ ನಿರೀಕ್ಷಿಸುತ್ತಿಲ್ಲ ಎಂದು ಸೂಚಿಸಲೆಂದೇ ಹುಟ್ಟಿಸಿದ ಕ್ಲಾಸ್ ಅದು. ಕಾಲಮಿತಿಯ ಅಂಶಕ್ಕೆ ಡಿಫಾಲ್ಟ್ 0, ಅಂದರೆ ಮಿತಿಯೇ ಇಲ್ಲ. 2017ರಲ್ಲಿ ಜೆಯುನಿಟ್ 5 ಬಂದಾಗ @ಟೆಸ್ಟ್‌ನಿಂದ ಇಂಥ ಅಂಶಗಳನ್ನೆಲ್ಲ ತೆಗೆದು, ದೋಷದ ನಿರೀಕ್ಷೆಯನ್ನು ಸಾಮಾನ್ಯ ಮೆಥಡ್ ಕರೆಯಾಗಿ ಪರೀಕ್ಷೆಯ ಒಳಗೇ ಬರೆಯುವಂತೆ ಮಾಡಿದರು.

ಜಾವಾದಲ್ಲಿ ವೆಬ್ ಸೇವೆಗಳನ್ನು ಕಟ್ಟಲು ಬಳಸುವ ಸ್ಪ್ರಿಂಗ್ ಫ್ರೇಮ್‌ವರ್ಕ್‌ನ ಪರಿಹಾರ ಇನ್ನೂ ವಿಶೇಷ. ವೆಬ್ ವಿಳಾಸದಲ್ಲಿ ಬರುವ ಮಾಹಿತಿಯನ್ನು ಹಿಡಿಯಲು @ರಿಕ್ವೆಸ್ಟ್‌ಪ್ಯಾರಮ್ ಎಂಬ ಅನೊಟೇಷನ್ ಇದೆ. ಮಾಹಿತಿ ಬರದಿದ್ದರೆ ಯಾವ ಬೆಲೆ ಬಳಸಬೇಕು ಎಂದು ಅದರೊಳಗೆ ಹೇಳಬಹುದು. ಯಾರೂ ಏನೂ ಹೇಳಿಲ್ಲ ಎಂಬುದನ್ನು ಗುರುತಿಸುವುದು ಹೇಗೆ? ಖಾಲಿ ಸ್ಟ್ರಿಂಗ್ ಇಡಲಾಗದು, ಏಕೆಂದರೆ ಖಾಲಿ ಸ್ಟ್ರಿಂಗನ್ನೇ ಬಯಸಿ ಬರೆಯುವವರೂ ಇರುತ್ತಾರೆ. ಅದಕ್ಕಾಗಿ ಸ್ಪ್ರಿಂಗ್ ತಂಡ ಹೊಸ ಸಾಲು, ಟ್ಯಾಬ್ ಹಾಗೂ ಯುನಿಕೋಡ್‌ನ ಖಾಸಗಿ ವಲಯದ ಚಿಹ್ನೆಗಳನ್ನು ಬೆರೆಸಿ 16 ಚಿಹ್ನೆಗಳ ಸ್ಟ್ರಿಂಗ್ ಒಂದನ್ನು ಕಟ್ಟಿತು. ಯಾವ ಮನುಷ್ಯರೂ ಬರೆಯಲಾರದಂತಿರುವುದೇ ಅದರ ಏಕೈಕ ಉದ್ದೇಶ. ಭಾಷೆ ಒದಗಿಸದ ಒಂದು ಮೌನವನ್ನು ಕಷ್ಟಪಟ್ಟು ನಿರ್ಮಿಸಿಕೊಂಡ ಬಗೆಯಿದು.

ಕಂಪೈಲ್ ಹಂತದಲ್ಲಿ ಮಾತ್ರ ಈ ವ್ಯತ್ಯಾಸ ಸಿಗುತ್ತದೆ. ಜಾವಾ 6ರಿಂದ ಇರುವ ಅನೊಟೇಷನ್ ಪ್ರೊಸೆಸರ್ ವ್ಯವಸ್ಥೆಯಲ್ಲಿ ಕೈಯಾರೆ ಬರೆದ ಬೆಲೆಗಳನ್ನಷ್ಟೇ ಕೊಡುವ ಮೆಥಡ್ ಒಂದು, ಡಿಫಾಲ್ಟ್‌ಗಳನ್ನೂ ಸೇರಿಸಿ ಕೊಡುವ ಮೆಥಡ್ ಇನ್ನೊಂದು. ತಂಡವೊಂದು 'ಹಣದ ವ್ಯವಹಾರದಲ್ಲಿ ಈ ಅಂಶವನ್ನು ಬರೆಯಲೇಬೇಕು' ಎಂಬ ನಿಯಮವನ್ನು ಯಂತ್ರದಿಂದಲೇ ಜಾರಿ ಮಾಡಿಸಬೇಕೆಂದರೆ ಇದು ಸರಿಯಾದ ಜಾಗ.

ಗುರುತನ್ನೇ ಅಳಿಸುವ ಡಿಫಾಲ್ಟ್

ಅನೊಟೇಷನ್ ಎಂಬ ಸೌಲಭ್ಯಕ್ಕೇ ಒಂದು ಡಿಫಾಲ್ಟ್ ಇದೆ. ಹೊಸದಾಗಿ ಕಟ್ಟುವವರು ಮೊದಲು ಎಡವುವುದೂ ಅಲ್ಲಿಯೇ. ಅನೊಟೇಷನ್ ಎಲ್ಲಿಯವರೆಗೆ ಬದುಕಿರಬೇಕು ಎಂಬುದನ್ನು, ಅದರ ವ್ಯಾಖ್ಯೆಯ ಮೇಲೆಯೇ ಅಂಟಿಸುವ @ರಿಟೆನ್ಷನ್ ಎಂಬ ಇನ್ನೊಂದು ಅನೊಟೇಷನ್ ಹೇಳುತ್ತದೆ. 'ಸೋರ್ಸ್' ಎಂದರೆ ಕಂಪೈಲ್ ಆದ ಮೇಲೆ ಮಾಯ. 'ಕ್ಲಾಸ್' ಎಂದರೆ ಕಡತದಲ್ಲಿ ಇರುತ್ತದೆ, ಓಡುವಾಗ ರಿಫ್ಲೆಕ್ಷನ್‌ಗೆ ಸಿಗುವುದಿಲ್ಲ. 'ರನ್‌ಟೈಮ್' ಎಂದರೆ ಓಡುವಾಗಲೂ ಲಭ್ಯ. ಏನೂ ಹೇಳದಿದ್ದರೆ ನಡುವಿನದು ಅನ್ವಯವಾಗುತ್ತದೆ. ಅಂದರೆ @ಮರುಯತ್ನ ಕಟ್ಟಿ, ಎಲ್ಲೆಡೆ ಅಂಟಿಸಿ, ಓದುವ ಕೋಡನ್ನೂ ಬರೆದ ಮೇಲೆ, @ರಿಟೆನ್ಷನ್ ಒಂದನ್ನು ಮರೆತಿದ್ದರೆ ಓದುವ ಕೋಡ್‌ಗೆ ಸಿಗುವುದು 'ನಲ್'. ಪಾವತಿ ಒಮ್ಮೆ ಸೋತರೆ ಮರುಯತ್ನ ನಡೆಯುವುದೇ ಇಲ್ಲ. ಯಾವ ದೋಷಸೂಚನೆಯೂ ಬರುವುದಿಲ್ಲ. ಜೆಯುನಿಟ್ 3ರ ತಪ್ಪು ಹೆಸರಿನ ಮೆಥಡ್‌ಗೆ ಆಗುತ್ತಿದ್ದುದೂ ಇದೇ.

ನಾಲ್ಕು ಡಿಫಾಲ್ಟ್‌ಗಳು, ನಾಲ್ಕು ಪಾಠಗಳು

ದಿನನಿತ್ಯ ಬಳಕೆಯಲ್ಲಿರುವ ಕೆಲವು ಅನೊಟೇಷನ್‌ಗಳ ಡಿಫಾಲ್ಟ್ ನೋಡಿದರೆ ವಿಷಯದ ಗಾಂಭೀರ್ಯ ತಿಳಿಯುತ್ತದೆ.

ಮೊದಲನೆಯದು ಡೇಟಾಬೇಸ್ ಜೊತೆ ವ್ಯವಹರಿಸುವ ಜೆಪಿಎ ವ್ಯವಸ್ಥೆಯ @ಎನ್ಯುಮರೇಟೆಡ್. ಈನಮ್ ಬೆಲೆಯನ್ನು ಡೇಟಾಬೇಸ್‌ನಲ್ಲಿ ಹೇಗೆ ಉಳಿಸಬೇಕು ಎಂದು ಇದು ಹೇಳುತ್ತದೆ: ಹೆಸರಾಗಿ ಅಥವಾ ಕ್ರಮಸಂಖ್ಯೆಯಾಗಿ. ಡಿಫಾಲ್ಟ್ ಕ್ರಮಸಂಖ್ಯೆ. ಅರ್ಜಿಯೊಂದರ ಸ್ಥಿತಿಗೆ ನಾಲ್ಕು ಬೆಲೆಗಳಿವೆ ಎಂದುಕೊಳ್ಳೋಣ: ಸ್ವೀಕೃತ, ಪರಿಶೀಲನೆ, ಮಂಜೂರು, ತಿರಸ್ಕೃತ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಇವು 0, 1, 2, 3 ಎಂದು ದಾಖಲಾಗುತ್ತವೆ. ಆರು ತಿಂಗಳ ನಂತರ ಹೊಸ ಪ್ರೋಗ್ರಾಮರ್ ಒಬ್ಬರು ಪರಿಶೀಲನೆಯ ಬಳಿಕ 'ಸ್ಥಳತನಿಖೆ' ಎಂಬ ಹಂತವನ್ನು ಸೇರಿಸುತ್ತಾರೆ. ಓದಲು ಅದೇ ಸಹಜವಾದ ಜಾಗ. ಈಗ ಸ್ಥಳತನಿಖೆ 2, ಮಂಜೂರು 3, ತಿರಸ್ಕೃತ 4. ಡೇಟಾಬೇಸ್‌ನಲ್ಲಿ ಹಳೆಯ ಸಂಖ್ಯೆಗಳು ಹಾಗೇ ಇವೆ. ಮೊದಲು 3 ಎಂದು ದಾಖಲಾಗಿದ್ದ ತಿರಸ್ಕೃತ ಅರ್ಜಿಗಳೆಲ್ಲ ಮಂಜೂರಾದಂತೆ ಕಾಣುತ್ತವೆ; ಮಂಜೂರಾಗಿದ್ದವು ಸ್ಥಳತನಿಖೆಗೆ ಮರಳುತ್ತವೆ. ಕಂಪೈಲರ್‌ಗೆ ದೂರಿಲ್ಲ, ಡೇಟಾಬೇಸ್‌ಗೆ ದೂರಿಲ್ಲ. ಅನ್ಯಾಯವಾಗುವುದು ಅರ್ಜಿ ಹಾಕಿದ ಮನುಷ್ಯರಿಗೆ. 'ಸ್ಟ್ರಿಂಗ್' ಎಂಬ ಒಂದು ಪದವನ್ನು ಆವರಣದಲ್ಲಿ ಬರೆದಿದ್ದರೆ ಹೆಸರೇ ದಾಖಲಾಗುತ್ತಿತ್ತು. ಈ ಅನಾಹುತ ಆಗುತ್ತಿರಲಿಲ್ಲ.

ಎರಡನೆಯದು ಸ್ಪ್ರಿಂಗ್‌ನ @ಟ್ರಾನ್ಸಾಕ್ಷನಲ್. ಒಂದು ಮೆಥಡ್‌ನೊಳಗಿನ ಡೇಟಾಬೇಸ್ ಕೆಲಸಗಳೆಲ್ಲ ಒಟ್ಟಿಗೆ ಆಗಬೇಕು, ಇಲ್ಲವೇ ಒಂದೂ ಆಗಬಾರದು ಎಂಬ ಭರವಸೆ ಅದು. ಅದರಲ್ಲಿ ಯಾವ ದೋಷ ಬಂದರೆ ಎಲ್ಲವನ್ನೂ ಹಿಂದಕ್ಕೆ ತಿರುಗಿಸಬೇಕು ಎಂದು ಹೇಳುವ ಅಂಶವಿದೆ. ಡಿಫಾಲ್ಟ್ ಖಾಲಿ ಅರೇ. ಖಾಲಿ ಇದ್ದರೆ ಸ್ಪ್ರಿಂಗ್ ತನ್ನ ರೂಢಿಯನ್ನು ಅನುಸರಿಸುತ್ತದೆ: ರನ್‌ಟೈಮ್ ಎಕ್ಸೆಪ್ಶನ್ ಹಾಗೂ 'ಎರರ್' ವರ್ಗದ ದೋಷಗಳಿಗೆ ಹಿಂತಿರುಗಿಸುತ್ತದೆ, ನಿಭಾಯಿಸಲು ಇಲ್ಲವೇ ಘೋಷಿಸಲು ಕಂಪೈಲರ್ ಒತ್ತಾಯಿಸುವ ಚೆಕ್ಡ್ ಎಕ್ಸೆಪ್ಶನ್ ಬಂದರೆ ಅಷ್ಟರವರೆಗೆ ಆದ ಕೆಲಸವನ್ನು ಖಾಯಂ ಮಾಡುತ್ತದೆ. ಒಂದು ಖಾತೆಯಿಂದ ಹಣ ಕಳೆದು, ಇನ್ನೊಂದಕ್ಕೆ ಸೇರಿಸುವ ಮೊದಲು ಚೆಕ್ಡ್ ಎಕ್ಸೆಪ್ಶನ್ ಹೊರಬಿದ್ದರೆ, ಕಳೆದದ್ದು ಖಾಯಂ, ಸೇರಿಸಿದ್ದು ಇಲ್ಲ. ಈ ರೂಢಿಯನ್ನು ಇಡೀ ಅಪ್ಲಿಕೇಷನ್‌ಗೆ ಒಂದೇ ಕಡೆ ಬದಲಿಸುವ ಸೌಲಭ್ಯವನ್ನು ಸ್ಪ್ರಿಂಗ್ 6.2 ಆವೃತ್ತಿ 2024ರಲ್ಲಿ ಒದಗಿಸಿದೆ. ಹಾಗಿದ್ದರೂ ಅದನ್ನು ಆರಿಸಿಕೊಳ್ಳಬೇಕಾದವರು ನಾವೇ.

ಮೂರನೆಯದು ಅದೇ ಸ್ಪ್ರಿಂಗ್‌ನ @ರಿಕ್ವೆಸ್ಟ್‌ಮ್ಯಾಪಿಂಗ್. ಯಾವ ವೆಬ್ ವಿಳಾಸಕ್ಕೆ ಯಾವ ಮೆಥಡ್ ಉತ್ತರಿಸಬೇಕು ಎಂದು ಇದು ಹೇಳುತ್ತದೆ. 'ಗೆಟ್', 'ಪೋಸ್ಟ್', 'ಡಿಲೀಟ್' ಮೊದಲಾದ ಎಚ್‌ಟಿಟಿಪಿ ವಿಧಾನಗಳಲ್ಲಿ ಯಾವುದಕ್ಕೆ ಎಂದು ಹೇಳುವ ಅಂಶದ ಡಿಫಾಲ್ಟ್ ಇಲ್ಲಿಯೂ ಖಾಲಿ ಅರೇ. ಆದರೆ ಇಲ್ಲಿ ಖಾಲಿ ಎಂದರೆ 'ಎಲ್ಲವೂ'. ದಾಖಲೆ ಅಳಿಸುವ ಮೆಥಡ್ ಮೇಲೆ ವಿಧಾನ ಬರೆಯದೇ ಬಿಟ್ಟರೆ, ಲಿಂಕ್ ಒಂದನ್ನು ತೆರೆದ ಮಾತ್ರಕ್ಕೆ ದಾಖಲೆ ಅಳಿಯಬಹುದು. ಒಂದೇ ಫ್ರೇಮ್‌ವರ್ಕ್‌ನೊಳಗೆ ಒಂದು ಕಡೆ ಖಾಲಿ ಎಂದರೆ ರೂಢಿಯಂತೆ, ಇನ್ನೊಂದು ಕಡೆ ಖಾಲಿ ಎಂದರೆ ಎಲ್ಲಕ್ಕೂ. ಡಿಫಾಲ್ಟ್‌ನ ಬೆಲೆ ತಿಳಿದರೆ ಸಾಲದು. ಆ ಬೆಲೆಯನ್ನು ಓದುವ ಕೋಡ್ ಅದಕ್ಕೆ ಕೊಡುವ ಅರ್ಥವನ್ನೂ ತಿಳಿಯಬೇಕು. ಸ್ಪ್ರಿಂಗ್ 4.3 ಆವೃತ್ತಿ 2016ರಲ್ಲಿ @ಗೆಟ್‌ಮ್ಯಾಪಿಂಗ್, @ಪೋಸ್ಟ್‌ಮ್ಯಾಪಿಂಗ್ ಮುಂತಾದವನ್ನು ತಂದು, ಹೆಸರಿನಲ್ಲೇ ವಿಧಾನ ಹೇಳುವಂತೆ ಮಾಡಿತು.

ನಾಲ್ಕನೆಯದು ಕನ್ನಡಿಗರಿಗೆ ನೇರವಾಗಿ ತಟ್ಟುವಂಥದ್ದು. ಜೆಪಿಎಯ @ಕಾಲಮ್ ಅನೊಟೇಷನ್‌ನಲ್ಲಿ ಪಠ್ಯದ ಉದ್ದಕ್ಕೆ ಡಿಫಾಲ್ಟ್ 255. ಇಂಗ್ಲಿಷ್ ಹೆಸರು, ವಿಳಾಸಗಳಿಗೆ ಇದು ಧಾರಾಳ. ಕನ್ನಡದ ಲೆಕ್ಕ ಬೇರೆ. 'ಕೃಷ್ಣಮೂರ್ತಿ' ನಮಗೆ ನಾಲ್ಕು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ವ್ಯಂಜನ, ವಿರಾಮ, ಸ್ವರಚಿಹ್ನೆಗಳು ಬೇರೆಬೇರೆಯಾಗಿ 11 ಸಂಕೇತಗಳು. ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ಹಾಗಾಗಿ 33 ಬೈಟ್. ಡೇಟಾಬೇಸ್ ಉದ್ದವನ್ನು ಸಂಕೇತಗಳಲ್ಲಿ ಎಣಿಸಿದರೆ 255ರೊಳಗೆ ಕನ್ನಡದ ವಿಳಾಸವೊಂದು ಹೇಗೋ ಹಿಡಿದೀತು. ಬೈಟ್‌ಗಳಲ್ಲಿ ಎಣಿಸುವಂತೆ ಟೇಬಲ್ ಕಟ್ಟಿದ್ದರೆ ಸಿಗುವುದು ಬರೀ 85 ಸಂಕೇತ. ಮನೆ ಹೆಸರು, ಅಡ್ಡರಸ್ತೆ, ಬಡಾವಣೆ, ತಾಲ್ಲೂಕು, ಜಿಲ್ಲೆ ಬರೆಯುವಷ್ಟರಲ್ಲಿ ಜಾಗ ಮುಗಿಯುತ್ತದೆ. ಜೆಪಿಎಯಲ್ಲಿ ಈ ಸಂಖ್ಯೆ ಟೇಬಲ್ ಸೃಷ್ಟಿಸುವಾಗ ಮಾತ್ರ ಬಳಕೆಯಾಗುತ್ತದೆ, ಬಂದ ಪಠ್ಯದ ಉದ್ದವನ್ನು ತಪಾಸಣೆ ಮಾಡುವುದಿಲ್ಲ. ಹಾಗಾಗಿ ತೊಂದರೆ ಕಾಣಿಸಿಕೊಳ್ಳುವುದು ಕನ್ನಡದಲ್ಲಿ ಅರ್ಜಿ ತುಂಬಿದವರು ಸಲ್ಲಿಸುವ ಗುಂಡಿ ಒತ್ತಿದಾಗ. ಕನ್ನಡದಲ್ಲಿ ಸೇವೆ ಕೊಡುವ ತಂತ್ರಾಂಶ ಕಟ್ಟುವವರು ಈ ಸಂಖ್ಯೆಯನ್ನು ಯೋಚಿಸಿ ಬರೆಯಲೇಬೇಕು.

ಕೊಡುವವರಿಗೆ, ಬಳಸುವವರಿಗೆ

ಇಷ್ಟು ಹೇಳಿದ ಮಾತ್ರಕ್ಕೆ ಡಿಫಾಲ್ಟ್‌ಗಳೇ ಕೆಟ್ಟವು ಎಂದಾಗಲಿಲ್ಲ. ಅವಿಲ್ಲದೆ ಪ್ರತಿ ಕಡೆ ಹತ್ತಾರು ಅಂಶಗಳನ್ನು ಬರೆಯಬೇಕಾದರೆ ಕೋಡ್ ಓದಲಾಗದಷ್ಟು ಗದ್ದಲವಾಗುತ್ತದೆ. ಮುಖ್ಯವಾದ ಮಾತು ಅಮುಖ್ಯವಾದವುಗಳ ನಡುವೆ ಮುಳುಗುತ್ತದೆ. ಪ್ರಶ್ನೆಯಿರುವುದು ಯಾವುದನ್ನು ಡಿಫಾಲ್ಟ್‌ಗೆ ಬಿಡಬೇಕು ಎಂಬುದರಲ್ಲಿ.

ಅನೊಟೇಷನ್ ಕಟ್ಟುವವರು ಪ್ರತಿ ಅಂಶದ ಮುಂದೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬಳಸುವವರು ಇದನ್ನು ಪೂರ್ತಿ ಮರೆತರೆ ಏನಾಗುತ್ತದೆ? ಮರೆತರೂ ಯಾರಿಗೂ ಹಾನಿಯಾಗದ ಬೆಲೆಯಿದ್ದರೆ ಅದೇ ಡಿಫಾಲ್ಟ್ ಆಗಲಿ. ಅಂಥ ಬೆಲೆಯೇ ಇಲ್ಲದಿದ್ದರೆ ಡಿಫಾಲ್ಟ್ ಕೊಡಬಾರದು. ಆಗ ಕಂಪೈಲರ್ ಪ್ರತಿಯೊಬ್ಬರನ್ನೂ ನಿಲ್ಲಿಸಿ ಕೇಳುತ್ತದೆ. ಆ ಒಂದು ಕ್ಷಣದ ಕಿರಿಕಿರಿ ಎಷ್ಟೋ ಅನಾಹುತ ತಪ್ಪಿಸುತ್ತದೆ. ಖಾಲಿ ಸ್ಟ್ರಿಂಗ್, ಸೊನ್ನೆ, ಖಾಲಿ ಅರೇಗಳನ್ನು ಸಂಕೇತವಾಗಿ ಬಳಸಿದರೆ ಅವುಗಳ ಅರ್ಥವನ್ನು ದಾಖಲೆಯಲ್ಲಿ ಬಿಡಿಸಿ ಬರೆಯಬೇಕು. ಒಮ್ಮೆ ಬಿಡುಗಡೆಯಾದ ಡಿಫಾಲ್ಟನ್ನು ಬದಲಿಸುವುದಾದರೆ ಅದನ್ನು ಸಣ್ಣ ತಿದ್ದುಪಡಿ ಎಂದು ಕಾಣಬಾರದು. ಯಾವ ಮೂಲೆಯಲ್ಲಿ ಯಾರು ಸುಮ್ಮನಿದ್ದಾರೋ ಅವರೆಲ್ಲರ ಪ್ರೋಗ್ರಾಂ ಆ ಗಳಿಗೆಯಿಂದ ಬೇರೆಯಾಗಿ ನಡೆಯುತ್ತದೆ. ದೊಡ್ಡ ಆವೃತ್ತಿಯ ಬದಲಾವಣೆಯೆಂದೇ ಸಾರಿ ಹೇಳಬೇಕು.

ಬಳಸುವವರ ಪಾಲಿಗೂ ಕರ್ತವ್ಯವಿದೆ. ಅನೊಟೇಷನ್ ಒಂದನ್ನು ಮೊದಲ ಸಲ ಬಳಸುವಾಗ ಅದರ ವ್ಯಾಖ್ಯೆಯನ್ನು ತೆರೆದು ಓದಬೇಕು. ಹೆಚ್ಚಿನವು ಒಂದೆರಡು ಪುಟ ಮೀರುವುದಿಲ್ಲ. ಹಣ, ಹಕ್ಕು, ದಾಖಲೆ, ಗುರುತು ಇವುಗಳಿಗೆ ಸಂಬಂಧಿಸಿದ ಅಂಶವನ್ನು, ಡಿಫಾಲ್ಟ್ ಬೆಲೆಯೇ ಬೇಕಿದ್ದರೂ, ಕೈಯಾರೆ ಬರೆಯುವುದು ಒಳ್ಳೆಯದು. ಓಡುವ ಯಂತ್ರಕ್ಕೆ ಅದರಿಂದ ವ್ಯತ್ಯಾಸವಿಲ್ಲ ನಿಜ, ಓದುವ ಮನುಷ್ಯರಿಗೆ ಇದೆ: ಇಲ್ಲಿ ಯಾರೋ ನಿಂತು ಯೋಚಿಸಿದ್ದಾರೆ ಎಂದು ಅವರಿಗೆ ತಿಳಿಯುತ್ತದೆ. ನಾಳೆ ಲೈಬ್ರರಿಯ ಡಿಫಾಲ್ಟ್ ಬದಲಾದರೂ ಬರೆದ ಬೆಲೆ ಅಲುಗುವುದಿಲ್ಲ. ಒಂದೇ ಬೆಲೆಯನ್ನು ಹತ್ತಾರು ಕಡೆ ಬರೆಯಬೇಕಾಗಿ ಬಂದರೆ ಸ್ಪ್ರಿಂಗ್‌ನಂಥ ಫ್ರೇಮ್‌ವರ್ಕ್‌ಗಳು ಸ್ವಂತ ಅನೊಟೇಷನ್ ಹೆಣೆಯಲು ಬಿಡುತ್ತವೆ. ಎಲ್ಲ ದೋಷಗಳಿಗೂ ಹಿಂತಿರುಗಿಸುವ @ಟ್ರಾನ್ಸಾಕ್ಷನಲ್ ಅನ್ನು ಒಳಗಿಟ್ಟುಕೊಂಡ @ಹಣವರ್ಗಾವಣೆ ಎಂಬುದನ್ನು ಒಮ್ಮೆ ಕಟ್ಟಿ ತಂಡದವರೆಲ್ಲ ಅದನ್ನೇ ಬಳಸಬಹುದು. ಆಗ ತೀರ್ಮಾನ ತಂಡದ್ದಾಗುತ್ತದೆ, ಅದಕ್ಕೊಂದು ಹೆಸರೂ ಇರುತ್ತದೆ.

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಕಚೇರಿಗಳಲ್ಲಿ ನಿತ್ಯ ಜಾವಾ ಬರೆಯುವ ಕನ್ನಡಿಗರು ಬಹಳ ಮಂದಿ. ಅವರು ಬರೆದದ್ದರ ಮೇಲೆ ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಸೇವೆಗಳು ನಡೆಯುತ್ತವೆ. ಆ ಸೇವೆಗಾಗಿ ಸಾಲಿನಲ್ಲಿ ನಿಂತವರಿಗೆ ಅನೊಟೇಷನ್ ಎಂದರೇನೆಂದು ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆದರೆ ಅವರ ಅರ್ಜಿ ತಿರಸ್ಕೃತವೋ ಮಂಜೂರೋ, ಹಣ ತಲುಪಿತೋ ಇಲ್ಲವೋ, ಕನ್ನಡದಲ್ಲಿ ಬರೆದ ಹೆಸರು ಪೂರ್ತಿ ಉಳಿಯಿತೋ ಇಲ್ಲವೋ ಎಂಬುದನ್ನು ಆವರಣದೊಳಗಿನ ಒಂದು ಪದ ನಿರ್ಧರಿಸಬಲ್ಲದು. ಆ ಪದವನ್ನು ಬರೆಯಲು ಬೇಕಾಗುವುದು ಕೆಲವೇ ಕ್ಷಣ. ಬರೆಯದೇ ಬಿಟ್ಟರೆ ಅಲ್ಲಿ ಬಂದು ಕೂರುವುದು, ನಮ್ಮ ಊರು, ನಮ್ಮ ಭಾಷೆ, ನಮ್ಮ ಬಳಕೆದಾರರು ಯಾವುದನ್ನೂ ಅರಿಯದವರು ಎಂದೋ ಕೈಗೊಂಡ ತೀರ್ಮಾನ. ಅದು ನಮಗೂ ಸರಿಹೊಂದಬಹುದು. ಸರಿಹೊಂದುತ್ತದೆಯೇ ಎಂದು ನೋಡಿ ಒಪ್ಪಿಕೊಳ್ಳುವ ಇಲ್ಲವೇ ಬದಲಿಸುವ ಹೊಣೆ ಪ್ರೋಗ್ರಾಂ ಬರೆಯುವವರದ್ದೇ.